ತಡ್ಕೋ ಅಂದವಳು ನಾನೇ

ಪುಟ್ಟೀ,

ಫೋನಿನಲ್ಲಿ ಮತ್ತೆ ನಿನ್ನ ನೇಪಾಳದ ಚಾರಣದ ಮಾತು ಎತ್ತಿದರೆ ಮತ್ತೆ ಜಗಳವೇ ಆಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಆ ಭಾನುವಾರ ನಾನೇನಂದೆ, ನೀನೇನಂದೆ ಅನ್ನುವುದು ಇಬ್ಬರಿಗೂ ಗೊತ್ತಿದೆ. ಅದನ್ನು ಕೆದಕುವುದು ಬೇಡ. ನೀನು ಮಾತಾಡುತ್ತಿರುವಾಗಲೇ ಫೋನ್ ಇಟ್ಟಿದ್ದು ಮಾತ್ರ ನನ್ನ ತಪ್ಪು.

ಅವತ್ತಿನಿಂದ ಹತ್ತು ದಿನ ನಾನು ಮಾಡಿದ್ದು ಒಂದೇ ಕೆಲಸ. ಮಧ್ಯಾಹ್ನ ಊಟ ಆದ ಮೇಲೆ, ಹೊರಗೆ ಮಳೆ ಹೊಡೆಯುತ್ತಿರುವಾಗ, ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ನಿನ್ನ ಎರಡೂ ದಾರಿ ನೋಡಿದೆ. ನೀನು ಹೋಗಬೇಕು ಅನ್ನುವ ಮನಾಸ್ಲು. ನಾನು ಹಟ ಹಿಡಿದ ಅನ್ನಪೂರ್ಣ. ಈಗ ಊರುಗಳ ಹೆಸರೂ ಬಾಯಿಗೆ ಬಂದಿವೆ. ಜಗತ್, ದೆಂಗ್, ನಮ್ರುಂಗ್, ಲ್ಹೋ, ಸಾಮಗಾಂವ್, ಸಾಮ್ದೋ. ‘ಲಾ’ ಅಂದರೆ ಟಿಬೆಟ್ ಕಡೆಯ ಮಾತಿನಲ್ಲಿ ನಮ್ಮ ಘಾಟಿ ಇದ್ದ ಹಾಗೆ ಅಂತ ಗೊತ್ತಾಯಿತು. ಆಗುಂಬೆ ಘಾಟಿ ಅಂದ ಹಾಗೆ ಲಾರ್ಕ್ಯಾ ಲಾ, ಥೊರೊಂಗ್ ಲಾ. ಹಾಗೆ ಅಂದುಕೊಂಡ ಮೇಲೆ ಸ್ವಲ್ಪ ಹತ್ತಿರದವು ಅನ್ನಿಸಿದವು. ಎತ್ತರ ನೋಡಿದಾಗ ಮತ್ತೆ ಎದೆ ಹೊಡೆದುಕೊಂಡಿತು. ಮುಳ್ಳಯ್ಯನಗಿರಿಯಂಥ ಎರಡು ಬೆಟ್ಟ ಒಂದರ ಮೇಲೊಂದು ಇಟ್ಟರೂ ಲಾರ್ಕ್ಯಾ ಮುಟ್ಟಲು ಇನ್ನೂ ಸಾವಿರ ಮೀಟರಿಗಿಂತ ಜಾಸ್ತಿ ಬಾಕಿ ಇರುತ್ತದೆ.

ಮೊದಲು ಒಂದು ವಿಷಯ ಒಪ್ಪಿಕೊಳ್ಳುತ್ತೇನೆ. ಅನ್ನಪೂರ್ಣ ಸುಲಭ, ಅಲ್ಲಿಗೇ ಹೋಗು ಅಂತ ನಾನು ಕೂಗಿದೆನಲ್ಲ, ಅದು ತಿಳಿಯದೆ ಆಡಿದ ಮಾತು. ಥೊರೊಂಗ್ ಲಾ 5,416 ಮೀಟರ್. ನಿನ್ನ ಲಾರ್ಕ್ಯಾ ಲಾ 5,106. ನಾನು ಸುಲಭ ಅಂದ ದಾರಿಯೇ 310 ಮೀಟರ್ ಜಾಸ್ತಿ ಎತ್ತರ. ಅಲ್ಲಿ ಘಾಟಿಯ ಬುಡದ ಥೊರೊಂಗ್ ಫೇದಿಯಲ್ಲಿ ಮಲಗಿದವರು ಬೆಳಗಿನ ಜಾವ ಎದ್ದು ಸಾವಿರ ಮೀಟರ್ ಹತ್ತಿರ ಏರಬೇಕು. ಆಮೇಲೆ ಮುಕ್ತಿನಾಥಕ್ಕೆ 1,600 ಮೀಟರ್ ಇಳಿಯಬೇಕು. ಅದೂ ಒಂದೇ ದಿನದಲ್ಲಿ.

2014ರ ಅಕ್ಟೋಬರ್ ಕಥೆಯನ್ನೂ ಓದಿದೆ. ವಿಶಾಖಪಟ್ಟಣಕ್ಕೆ ಹುಡ್‌ಹುಡ್ ಚಂಡಮಾರುತ ಬಡಿಯಿತಲ್ಲ, ಅದರ ಉಳಿದ ಮೋಡವೇ ಎರಡು ದಿನದಲ್ಲಿ ಥೊರೊಂಗ್ ಲಾದ ಮೇಲೆ ಹಿಮವಾಗಿ ಬಿತ್ತಂತೆ. ಆ ಕಡೆಯ ಬೆಟ್ಟಗಳಲ್ಲಿ 40ಕ್ಕೂ ಜಾಸ್ತಿ ಜನ ಹೋದರು. ನಮ್ಮ ಕರಾವಳಿಗೆ ಬಂದ ಗಾಳಿ ಅಷ್ಟು ದೂರ ಹೋಗಿ ಜನರನ್ನು ಕೊಂದೀತು ಅಂತ ನನ್ನ ತಲೆಗೆ ಯಾವತ್ತೂ ಬಂದಿರಲಿಲ್ಲ. ಹೋಗುವ ವಾರ ನೇಪಾಳದ ಹವಾಮಾನ ಒಂದೇ ನೋಡಿದರೆ ಸಾಲದು, ಬಂಗಾಳ ಕೊಲ್ಲಿಯನ್ನೂ ನೋಡು.

ಮುಕ್ತಿನಾಥದ ಮಾತು ಬೇರೆ. ಅಜ್ಜಿಯ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ಆ ಗಂಡಕಿಯದು, ನೀನು ಅಲ್ಲಿಗೆ ಹೋದರೆ ಅವರಿಗೆ ಸಮಾಧಾನ ಅಂತ ನಾನು ಅಂದೆ. ಅಜ್ಜಿ ಹಾಗೆ ಕೇಳಿಯೇ ಇರಲಿಲ್ಲ. ನನ್ನ ಹೆದರಿಕೆಗೆ ದೇವರನ್ನು ಅಡ್ಡ ತಂದೆ. ತಪ್ಪಾಯಿತು. ಮುಕ್ತಿನಾಥಕ್ಕೆ ಈಗ ಜೋಮ್‌ಸೋಮ್ ಕಡೆಯಿಂದ ಜೀಪೇ ಹೋಗುತ್ತದಂತೆ. ಅಲ್ಲಿಗೆ ಇನ್ನೊಂದು ವರ್ಷ ನಾವಿಬ್ಬರೂ ಹೋಗೋಣ. 108 ನೀರಿನ ಬಾಯಿ ಇವೆಯಂತೆ. ಎಲ್ಲದರ ಕೆಳಗೂ ತಲೆ ಕೊಡುವ ಆಸೆ ನನಗಿದೆ.

ಈಗ ನಿಜವಾದ ಮಾತಿಗೆ ಬರುತ್ತೇನೆ. ನನಗೆ ಹೆದರಿಕೆ ಇರುವುದು ಬೆಟ್ಟದ ಬಗ್ಗೆ ಅಲ್ಲ, ಪುಟ್ಟಿ. ನಿನ್ನ ಬಗ್ಗೆ.

ಲೇಹ್ ನೆನಪಿದೆಯಾ? ನೀನು ಅದನ್ನು ಯಾವತ್ತೂ ಮಾತಾಡುವುದಿಲ್ಲ. ನಾನೂ ಮಾತಾಡಿಲ್ಲ. ನಿನಗೆ ಆಗ 13. ಅಪ್ಪ ಎರಡು ವರ್ಷದ ಅಡಿಕೆ ದುಡ್ಡಿನಲ್ಲಿ ಸ್ವಲ್ಪ ಸ್ವಲ್ಪ ಉಳಿಸಿ ಮಾಡಿದ ಪ್ರವಾಸ. ದೆಹಲಿಯಿಂದ ವಿಮಾನದಲ್ಲಿ ಇಳಿದಿದ್ದೇ 3,500 ಮೀಟರ್ ಮೇಲೆ. ಎರಡು ದಿನ ಸುಮ್ನೆ ಮಲಗಿರಬೇಕಿತ್ತು. ಕರೆದುಕೊಂಡು ಹೋದವರು ಮಾರನೇ ದಿನವೇ ಖರ್ದುಂಗ್ ಲಾಕ್ಕೆ ಗಾಡಿ ಹೊರಡಿಸಿದರು. ನಮಗೆ ತಿಳಿಯದು, ನಾವು ಹತ್ತಿದೆವು.

ಸೌತ್ ಪುಲ್ಲು ಚೆಕ್‌ಪೋಸ್ಟಿನಲ್ಲಿ ಅಪ್ಪ ಕಾಗದ ತೋರಿಸಲು ಇಳಿದರು. ನೀನು ನನ್ನ ತೋಳು ಹಿಡಿದುಕೊಂಡು, "ಅಮ್ಮಾ, ತಲೆ ಸಿಡೀತಿದೆ" ಅಂದೆ. ನಾನೇನಂದೆ? "ಸ್ವಲ್ಪ ತಡ್ಕೋ. ಅಪ್ಪನಿಗೆ ಹೇಳಬೇಡ. ಎಷ್ಟು ಆಸೆಯಿಂದ ಕರ್ಕೊಂಡು ಬಂದಿದಾರೆ."

ನೀನು ತಡ್ಕೊಂಡೆ. ಮೇಲೆ ಹೋಗಿ ಆ ಹಳದಿ ಕಲ್ಲಿನ ಬೋರ್ಡಿನ ಹತ್ತಿರ ನಿಂತೆ. ನಕ್ಕೆ. ಆ ಫೋಟೋ ಇನ್ನೂ ಶೋಕೇಸಿನಲ್ಲಿದೆ. ಬಂದವರೆಲ್ಲ ನೋಡಿ, ಹುಡುಗಿ ಎಷ್ಟು ಗಟ್ಟಿ ಅನ್ನುತ್ತಾರೆ. ನಾನು ಧೂಳು ಒರೆಸುವಾಗ ನೋಡುವುದು ನಿನ್ನ ಕೈಯನ್ನು. ಕಂದು ಸ್ವೆಟರಿನ ಜೇಬಿನೊಳಗೆ ಮುಷ್ಟಿ ಬಿಗಿಯಾಗಿದೆ. ಹೊರಗಿನಿಂದಲೇ ಗೊತ್ತಾಗುತ್ತದೆ. ತುಟಿಯ ಬಣ್ಣವೂ ಸರಿ ಇಲ್ಲ. ಅವತ್ತು ನಿನ್ನ ಎದುರಿಗೇ ನಿಂತಿದ್ದರೂ ನನಗೆ ಅದು ಕಾಣಲಿಲ್ಲ.

ಇಳಿಯುವಾಗ ವಾಂತಿ ಶುರುವಾಯಿತು. ಸಂಜೆ ಹೋಟೆಲಿನ ಹೆಸರು ಕೇಳಿದರೆ ನಿನಗೆ ಹೇಳಲು ಬರಲಿಲ್ಲ. ರಾತ್ರಿ ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿದರು. ಡಾಕ್ಟರು, ತಲೆನೋವು ಯಾವಾಗಿಂದ ಅಂತ ಕೇಳಿದರು. ನೀನು ನನ್ನ ಮುಖ ನೋಡಿದೆ. ಆಮೇಲೆ, "ಈಗ, ಇಳಿದ ಮೇಲೆ" ಅಂದೆ.

ಅಷ್ಟು ನೋವಿನಲ್ಲೂ ನೀನು ನನ್ನನ್ನು ಕಾಪಾಡಿದೆ. ಪಕ್ಕದಲ್ಲೇ ನಿಂತಿದ್ದ ನಾನು, ಅಲ್ಲ ಡಾಕ್ಟರೇ, ಮಧ್ಯಾಹ್ನವೇ ಹೇಳಿದ್ದಳು ಅನ್ನಲಿಲ್ಲ. ಅವರು ಸರಿಯಾಗಿ ನೋಡಿದರು, ನಿನಗೆ ಏನೂ ಆಗಲಿಲ್ಲ, ಮೂರನೇ ದಿನ ಓಡಾಡಿದೆ. ಆದರೆ ಆ ‘ಈಗ’ ಅನ್ನುವ ಮಾತು ನನ್ನ ಕಿವಿಯಿಂದ ಹೋಗಿಲ್ಲ.

ಅವತ್ತಿನ ಮೇಲೆ ನೀನು ನೋವು ಹೇಳುವುದನ್ನೇ ಬಿಟ್ಟೆ. ಪಿಜಿಯಲ್ಲಿ ನಾಲ್ಕು ದಿನ ಜ್ವರ ಇಟ್ಟುಕೊಂಡು ಫೋನಿನಲ್ಲಿ "ಆರಾಮಿದೀನಿ ಅಮ್ಮ" ಅಂದೆ. ಮೊದಲ ಕೆಲಸದಲ್ಲಿ ಅಷ್ಟು ಕಷ್ಟಪಟ್ಟಿದ್ದು ನಮಗೆ ತಿಳಿದದ್ದು ನೀನು ಬಿಟ್ಟ ಮೇಲೆ. ಎಲ್ಲರೂ ಗಟ್ಟಿಗಿತ್ತಿ ಅಂದರು. ನನಗೂ ಹೆಮ್ಮೆಯಾಗಿತ್ತು. ಈಗಲೂ ಹೆಮ್ಮೆಯೇ. ನಿನ್ನ ಸಂಬಳದಲ್ಲಿ ಕೂಡಿಟ್ಟು, ನೀನೇ ಓದಿ, ನೀನೇ ದಾರಿ ಹುಡುಕಿ ಹೊರಟಿದ್ದೀಯ. ನಿನ್ನ ವಯಸ್ಸಿನಲ್ಲಿ ನಾನು ಒಬ್ಬಳೇ ಶಿವಮೊಗ್ಗಕ್ಕೆ ಹೋದವಳಲ್ಲ. ಆದರೆ ತಡ್ಕೊಳ್ಳುವುದನ್ನು ಕಲಿಸಿದವಳು ನಾನು. ನನ್ನ ಅಮ್ಮ ನನಗೆ ಕಲಿಸಿದ್ದನ್ನೇ ಯೋಚಿಸದೆ ನಿನಗೆ ದಾಟಿಸಿದೆ. ಊರಿನಲ್ಲಿ ಅದು ಹೇಗೋ ನಡೆಯುತ್ತದೆ. 5,000 ಮೀಟರ್ ಮೇಲೆ ನಡೆಯುವುದಿಲ್ಲ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಇಲ್ಲಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ತಲೆನೋವು ಅನ್ನುವುದು ಮೈ ಕೊಡುವ ಮೊದಲ ಸೂಚನೆ. ಅದನ್ನು ಮುಚ್ಚಿಟ್ಟು ಇನ್ನೂ ಮೇಲೆ ಹತ್ತಿದರೆ ಶ್ವಾಸಕೋಶಕ್ಕೋ ಮೆದುಳಿಗೋ ನೀರು ತುಂಬಬಹುದು. ಆಮೇಲೆ ತಕ್ಷಣ ಇಳಿಯುವುದೇ ಮುಖ್ಯ ಔಷಧಿ.

ಅನ್ನಪೂರ್ಣ ಅಂತ ನಾನು ಹಟ ಮಾಡಿದ್ದರ ಹಿಂದೆ ಇದೇ ಇತ್ತು. ಆ ದಾರಿಯ ಮನಾಂಗ್‌ನಲ್ಲಿ ಸೀಸನ್ನಿನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ಡಾಕ್ಟರುಗಳು ಇರುತ್ತಾರೆ. ಮಧ್ಯಾಹ್ನ ಎಲ್ಲರನ್ನೂ ಕೂರಿಸಿಕೊಂಡು ಎತ್ತರದ ಕಾಯಿಲೆ ಬಗ್ಗೆ ಹೇಳುತ್ತಾರಂತೆ. ಮನಾಂಗ್‌ವರೆಗೆ ಜೀಪ್ ಬರುತ್ತದೆ. ಆಗಲ್ಲ ಅನ್ನಿಸಿದರೆ ಹತ್ತಿ ಇಳಿದುಬಿಡಬಹುದು. ನೀನು ಬೇಡ ಅನ್ನುವುದೂ ಅದೇ ಜೀಪಿನ ಧೂಳಿಗೆ ಅಂತ ಗೊತ್ತು. ಮನಾಸ್ಲುವಿನಲ್ಲಿ ಸಾಮ್ದೋ ಮುಟ್ಟಿದ ಮೇಲೆ ವಾಪಸ್ ಬರಬೇಕೆಂದರೆ ಬುಢಿ ಗಂಡಕಿ ನದಿಯ ಕೊರಕಲಿನಲ್ಲಿ ದಿನಗಟ್ಟಲೆ ನಡೆಯಬೇಕು, ಇಲ್ಲ ಹೆಲಿಕಾಪ್ಟರ್ ಕರೆಸಬೇಕು.

ನನ್ನ ಮನಸ್ಸು ಈಗಲೂ ಅನ್ನಪೂರ್ಣದ ಕಡೆಗೇ ಇದೆ. ಸುಳ್ಳು ಯಾಕೆ ಹೇಳಲಿ. ಆದರೆ ಮನಾಸ್ಲುವಿಗೆ ಬೇರೆ ಪರ್ಮಿಟ್ ಬೇಕು, ಗೈಡ್ ಇಲ್ಲದೆ ಬಿಡುವುದೇ ಇಲ್ಲ ಅಂತ ಓದಿದೆ. ಅದೊಂದು ಧೈರ್ಯ. ಅನ್ನಪೂರ್ಣಕ್ಕೆ ಹೋಗಿದ್ದರೆ ನೀನು ಹೇಗಾದರೂ ಮಾಡಿ ಒಬ್ಬಳೇ ಹೊರಡುತ್ತಿದ್ದೆ, ಅಲ್ವಾ? ಹಾಗಾಗಿ ಮನಾಸ್ಲುವಿಗೇ ಹೋಗು. ಸಿಟ್ಟಿನಿಂದ ಹೇಳುತ್ತಿಲ್ಲ, ನಿಜವಾಗಿಯೂ ಹೋಗು.

ಆದರೆ ನಿಧಾನ ಹೋಗು. 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗಿದ ಜಾಗಕ್ಕಿಂತ ನಾಳೆ ಮಲಗುವ ಜಾಗ 500 ಮೀಟರಿಗಿಂತ ಜಾಸ್ತಿ ಮೇಲಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು. ಸಾಮಗಾಂವ್‌ನಲ್ಲಿ ಎರಡು ರಾತ್ರಿ ಅಂತ ನೀನು ಬರೆದುಕೊಂಡಿದ್ದೀಯ, ಸರಿ. ಸಾಮ್ದೋದಲ್ಲಿ ಒಂದೇ ರಾತ್ರಿ ಅಂತಿದೆ, ಅದು ಸರಿಯಿಲ್ಲ. ಸಾಮ್ದೋ ಸುಮಾರು 3,875, ಮುಂದಿನ ಧರ್ಮಶಾಲಾ 4,460. ಒಂದೇ ಸಲ 600 ಮೀಟರ್ ಹತ್ತಿರ ಆಯಿತು. ಸಾಮ್ದೋದಲ್ಲೇ ಇನ್ನೊಂದು ರಾತ್ರಿ ನಿಲ್ಲು. ಎತ್ತರದ ಕಾಯಿಲೆಗೆ ಅಂತ ಕೊಡುವ ಡಯಾಮಾಕ್ಸ್ ಮಾತ್ರೆ ಡಾಕ್ಟರನ್ನು ಕೇಳದೆ ತಗೋಬೇಡ, ಸಲ್ಫಾ ಮಾತ್ರೆ ಆಗದವರಿಗೆ ಅದು ಆಗದೆ ಇರಬಹುದು. ಇನ್ನೊಂದು. ಚಿಕ್ಕವಳಿದ್ದಾಗ ಜಗಲಿಯ ಉದ್ದವನ್ನು ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಅಳೆಯುತ್ತಿದ್ದೆಯಲ್ಲ, ಹಾಗೆ ಸಂಜೆ ನೇರ ನಡೆದು ನೋಡು. ಓಲಾಡಿದರೆ ಬೆಳಗಾಗುವುದನ್ನು ಕಾಯಬೇಡ, ಅವತ್ತೇ ಇಳಿ. ನೋಡು, ಉಪದೇಶ ಮಾಡಲ್ಲ ಅಂತ ಕೂತವಳು ಎಷ್ಟು ಬರೆದೆ.

ನೇಪಾಳಿಯಲ್ಲಿ ತಲೆನೋವು ಬಂತು ಅನ್ನುವುದಕ್ಕೆ "ಟಾಉಕೋ ದುಖ್ಯೋ" ಅನ್ನುತ್ತಾರೆ. ನಾನು ಬಾಯಿಪಾಠ ಮಾಡಿದ್ದೇನೆ, ನೀನೂ ಮಾಡು. ಗೈಡ್‌ಗೆ ಹಿಂದಿ ಬರಬಹುದು, ಇಂಗ್ಲಿಷೂ ಬರಬಹುದು. ಆದರೂ ಈ ಮಾತನ್ನು ಮೊದಲನೇ ಸಂಜೆಯೇ ಅವರ ಎದುರು ಒಂದು ಸಲ ಹೇಳು. ನೋವು ಇಲ್ಲದಿದ್ದರೂ ಹೇಳು. ಬಾಯಿಗೆ ರೂಢಿಯಾಗಲಿ.

ನಿನ್ನ ದಾರಿ ಕೊನೆಗೆ ಧಾರಾಪಾನಿಗೆ ಬಂದು ಅನ್ನಪೂರ್ಣದ ದಾರಿಯನ್ನೇ ಸೇರುತ್ತದೆ. ನಕ್ಷೆಯಲ್ಲಿ ಅಲ್ಲಿ ನಾನು ಪೆನ್ನಿನಲ್ಲಿ ಒಂದು ಗುಂಡು ಹಾಕಿದ್ದೇನೆ. ಅಲ್ಲಿಂದ ಫೋನ್ ಮಾಡು.

ಲೇಹ್ ವಿಷಯ ನಿನ್ನೆ ರಾತ್ರಿ ಅಪ್ಪನಿಗೆ ಹೇಳಿದೆ. ಇಷ್ಟು ವರ್ಷ ಆದ ಮೇಲೆ. ಅವರು ಏನೂ ಅನ್ನಲಿಲ್ಲ. ಎದ್ದು ಶೋಕೇಸಿನ ಮುಂದೆ ಹೋಗಿ ಬಹಳ ಹೊತ್ತು ನಿಂತರು. ಬೆಳಿಗ್ಗೆ ಕೊಡೆ ಹಿಡಿದು ಬ್ಯಾಂಕಿಗೆ ಹೋಗಿ ನಿನ್ನ ಖಾತೆಗೆ 20,000 ಹಾಕಿ ಬಂದಿದ್ದಾರೆ. ನಾನು ಯಾಕೆ ಅಂತ ಕೇಳಿದೆ. "ತಲೆ ನೋವು ಬಂದರೆ ಎರಡು ದಿನ ಸುಮ್ನೆ ಮಲಗೋದಕ್ಕೆ ಅಂತ ಬರಿ" ಅಂದರು.

ನಿನ್ನ
ಅಮ್ಮ