ವಿಷಯ: ಮದರ್‌ಬೋರ್ಡ್ ಸರಿಯಾಗಿ ನೋಡದೆ ‘ನೀರು ಬಿದ್ದಿದೆ’ ಎಂದು ಬರೆದು ವಾಪಸ್ ಕೊಟ್ಟಿದ್ದಕ್ಕೆ ದೂರು

ಸರ್ವೀಸ್ ಸೆಂಟರಿನ ಮ್ಯಾನೇಜರ್ ಅವರಿಗೆ,

ನಮಸ್ಕಾರ. ಆರು ಸಲ ಫೋನ್ ಮಾಡಿದ್ದೇನೆ. ಆರು ಸಲವೂ ‘ಸೀನಿಯರ್ ಕಾಲ್ ಬ್ಯಾಕ್ ಮಾಡ್ತಾರೆ’ ಅಂದರು. ಆ ಸೀನಿಯರ್ ಇನ್ನೂ ಫೋನಿನ ಹತ್ತಿರ ನಡೆದು ಬರುತ್ತಲೇ ಇರಬೇಕು. ಅದಕ್ಕೇ ಈ ಪತ್ರ.

ನನ್ನ ಡೆಸ್ಕ್‌ಟಾಪ್ ಮೊದಮೊದಲು ಎರಡು ಮೂರು ಸಲ ಬಟನ್ ಒತ್ತಿದರೆ ಆನ್ ಆಗುತ್ತಿತ್ತು. ಆಮೇಲೆ ಜಾಸ್ತಿ ಕೆಲಸ ಕೊಟ್ಟರೆ ತಾನೇ ರೀಸ್ಟಾರ್ಟ್. ಈಗ ಫ್ಯಾನ್ ತಿರುಗುತ್ತದೆ, ಅಷ್ಟೇ. ಬೀಪ್ ಕೂಡ ಇಲ್ಲ. ವಾರಂಟಿ ಇನ್ನೂ ಐದು ತಿಂಗಳಿದೆ.

ನಿಮ್ಮಲ್ಲಿಗೆ ತರುವ ಮೊದಲು ಬೇರೆ ರ‍್ಯಾಮ್ ಹಾಕಿ ನೋಡಿದ್ದೆ. ಪವರ್ ಸಪ್ಲೈ ಅಳೆದಿದ್ದೆ. 12 ವೋಲ್ಟ್ ಲೈನಿನಲ್ಲಿ 12.1 ಬರುತ್ತಿತ್ತು. 11.4ರಿಂದ 12.6ರ ಒಳಗಿದ್ದರೆ ಸರಿ ಅಂತ ನಿಮಗೆ ಗೊತ್ತೇ ಇರುತ್ತದೆ. ಆಮೇಲೆ ಟಾರ್ಚ್ ಹಿಡಿದು ಬೋರ್ಡ್ ನೋಡಿದೆ. ಪ್ರೊಸೆಸರ್ ಸಾಕೆಟ್ ಪಕ್ಕ ಸಾಲಾಗಿ ಎಂಟು ಕೆಪ್ಯಾಸಿಟರ್, ಅಂದರೆ ವೋಲ್ಟೇಜ್ ಏರುಪೇರಾಗದಂತೆ ನೋಡಿಕೊಳ್ಳುವ ಪುಟ್ಟ ಡಬ್ಬಿಗಳು. ಐದರ ತಲೆ ಚಪ್ಪಟೆ. ಮೂರರ ತಲೆ ಉಬ್ಬಿದೆ. ಅದರಲ್ಲೊಂದರ ತಲೆಯ ಗೀಟು ಬಿರಿದು ಕಂದು ಬಣ್ಣದ ಹಕ್ಕಳೆ ಕಟ್ಟಿದೆ. ಇಷ್ಟನ್ನೂ ಜಾಬ್ ಶೀಟಿನಲ್ಲಿ ಬರೆಸಿದ್ದೆ.

ನಲವತ್ತು ನಿಮಿಷ ಕಾದ ಮೇಲೆ ನಿಮ್ಮ ಹುಡುಗ ಬಂದರು. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಮೊಬೈಲ್ ಬೆಳಕು ಬಿಟ್ಟರು. ಹೀಟ್‌ಸಿಂಕ್ ಬಿಚ್ಚಲಿಲ್ಲ. ಮಲ್ಟಿಮೀಟರ್ ಮೇಜಿನ ಮೇಲೇ ಮಲಗಿತ್ತು. ಎರಡು ನಿಮಿಷ ಆಗಿರಲಿಲ್ಲ.

“ಲಿಕ್ವಿಡ್ ಡ್ಯಾಮೇಜ್ ಸರ್. ವಾರಂಟಿ ಬರಲ್ಲ.”

“ಎಲ್ಲಿ?” ಅಂದೆ. ಆ ಕಂದು ಹಕ್ಕಳೆಯನ್ನು ಉಗುರಿನಿಂದ ಕೆರೆದು ತೋರಿಸಿದರು.

“ಅದು ಕೆಪ್ಯಾಸಿಟರ್ ಒಳಗಿನಿಂದಲೇ ಬಂದಿದ್ದಲ್ವಾ?”

“ನೀವು ಇಂಜಿನಿಯರಾ ಸರ್?”

“ಅಲ್ಲ.”

“ಮತ್ತೆ?”

ಆ ‘ಮತ್ತೆ’ಗೆ ನನ್ನ ಹಿಂದೆ ನಿಂತಿದ್ದವರು ನಕ್ಕರು. ತಲೆ ಉಬ್ಬಿದೆಯಲ್ಲ ಅಂದೆ. “ಅದು ಡಿಸೈನ್.” ಪಕ್ಕದ ಐದು ಚಪ್ಪಟೆ ಇವೆಯಲ್ಲ ಅಂದೆ. “ಅದೂ ಡಿಸೈನೇ.” ಆಮೇಲೆ ಒಳಗೆ ಕೂತಿದ್ದವರಿಗೆ ಕೇಳುವ ಹಾಗೆ, “ಇವರು ವಿಡಿಯೋ ನೋಡ್ಕೊಂಡು ಬಂದಿದಾರೆ, ನೀವೇ ಸ್ವಲ್ಪ ಹೇಳಿ ಕಳಿಸಿ” ಅಂದರು. ಯಾರೂ ಬರಲಿಲ್ಲ. ನಾನೇ ಕ್ಯಾಬಿನೆಟ್ ಹೊತ್ತುಕೊಂಡು ಬಂದೆ. ಸ್ಕ್ರೂ ಎರಡು ನಿಮ್ಮಲ್ಲೇ ಉಳಿದಿವೆ, ನೆನಪಿಗೆ ಇಟ್ಟುಕೊಳ್ಳಿ.

ಕ್ಯಾಬಿನೆಟ್ ಒಳಗೆ ಬೋರ್ಡ್ ಗೋಡೆಯ ಹಾಗೆ ನಿಂತಿರುತ್ತದೆ. ನೀರು ಬಿದ್ದಿದ್ದರೆ ಕೆಳಕ್ಕೆ ಇಳಿದ ಗುರುತು ಇರಬೇಕಿತ್ತು. ಇಲ್ಲಿರುವುದು ಒಂದೇ ಒಂದು ಕೆಪ್ಯಾಸಿಟರಿನ ತಲೆಯ ಮೇಲೆ, ಅದೂ ಅಡ್ಡ ಚಾಚಿಕೊಂಡ ತಲೆ. ಮುಚ್ಚಿದ ಕ್ಯಾಬಿನೆಟ್ಟಿನೊಳಗೆ ನಾನು ಗುರಿಯಿಟ್ಟು ಸಿರಿಂಜಿನಲ್ಲಿ ಬಿಟ್ಟಿರಬೇಕು! ಒಳಗೆ ಗ್ಯಾಸ್ ತುಂಬಿದರೆ ಸಿಡಿಯದೆ ಅಲ್ಲೇ ಬಿರಿಯಲಿ ಅಂತಲೇ ಆ ಗೀಟು ಹಾಕಿರುತ್ತಾರೆ. 2000ದ ದಶಕದ ಮೊದಲ ವರ್ಷಗಳಲ್ಲಿ ಲಕ್ಷಗಟ್ಟಲೆ ಬೋರ್ಡುಗಳು ಹೀಗೇ ಉಬ್ಬಿ ಸೋರಿ ಹಾಳಾದವು. ಅಷ್ಟು ಜನವೂ ನೀರು ಚೆಲ್ಲಿಕೊಂಡಿದ್ದರಾ?

ಇನ್ನು ಚಪ್ಪಟೆ ಇರುವ ಐದೂ ಚೆನ್ನಾಗಿವೆ ಅಂತ ಕಣ್ಣಿನಿಂದ ಹೇಳಲಾಗುವುದಿಲ್ಲ. ಅದಕ್ಕೆ ಕೆಪ್ಯಾಸಿಟರಿನ ಒಳಗಿನ ರೆಸಿಸ್ಟೆನ್ಸ್ ಅಳೆಯುವ ಇಎಸ್‌ಆರ್ ಮೀಟರ್ ಬೇಕು. ನಿಮ್ಮ ಹತ್ತಿರ ಇದ್ದೇ ಇರುತ್ತದೆ, ಸುಮ್ನೆ ಅದಕ್ಕೂ ಸ್ವಲ್ಪ ಕೆಲಸ ಕೊಡಿ. ವಾರಂಟಿ ಇಲ್ಲ ಅನ್ನುವಾಗ ಕಾರಣವನ್ನು ಫೋಟೋ ಸಮೇತ ಬರೆದುಕೊಡಬೇಕು ಅನ್ನುವ ನಿಮ್ಮದೇ ನಿಯಮವನ್ನು ನಾನು ನೆನಪಿಸಬೇಕಾಗಿಲ್ಲ.

ಏಳು ದಿನ ಕೊಡುತ್ತೇನೆ. ಬೋರ್ಡ್ ಅಳೆದು, ಬಂದ ಅಂಕಿಗಳನ್ನು ಶೀಟಿನಲ್ಲಿ ಬರೆದು, ಬದಲಾಯಿಸಿ ಕೊಡಿ. ಇಲ್ಲದಿದ್ದರೆ ಗ್ರಾಹಕರ ಕೋರ್ಟಿಗೆ ಹೋಗುವುದು ಹೋಗುತ್ತೇನೆ, ಅದಕ್ಕೂ ಮೊದಲು ನಿಮ್ಮ ಕೌಂಟರಿಗೆ ಬರುತ್ತೇನೆ. ಜನ ಜಾಸ್ತಿ ಇರುವ ಹೊತ್ತು ನೋಡಿಕೊಂಡು, ಮೀಟರ್ ಕೈಯಲ್ಲಿ ಹಿಡಿದುಕೊಂಡೇ. ಟೋಕನ್ ಹಿಡಿದು ಕೂತವರೆಲ್ಲರಿಗೂ ಆ ಮೂರು ಉಬ್ಬಿದ ತಲೆ ತೋರಿಸಿ, ‘ಡಿಸೈನ್’ ಹೇಗಿದೆ ಅಂತ ಒಬ್ಬೊಬ್ಬರನ್ನೇ ಕೇಳುತ್ತೇನೆ.

ಇಂತಿ,
ಇಂಜಿನಿಯರ್ ಅಲ್ಲದ ನಿಮ್ಮ ಗ್ರಾಹಕ