ಟೆಕ್ನೋ ಬರ್ಲಿನ್‌ನದ್ದಲ್ಲ, ತಮಟೆ ಅನಾಥವಲ್ಲ

ಮಾನ್ಯ ಸಂಪಾದಕರೇ,

ಜಾತ್ರೆ, ಮೆರವಣಿಗೆಗಳ ಡಿಜೆ ಹಾವಳಿ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಶಬ್ದಕ್ಕೆ ಮಿತಿ ಬೇಕು ಅನ್ನುವುದರಲ್ಲಿ ನನ್ನ ತಕರಾರಿಲ್ಲ. ಶಿಡ್ಲಘಟ್ಟದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವನು ನಾನು. ರಾತ್ರಿ 10 ಗಂಟೆಗೆ ಆಂಪ್ಲಿಫೈಯರ್ ಆಫ್ ಮಾಡಿ ಹುಡುಗರ ಕೈಲಿ ಬೈಸಿಕೊಳ್ಳುವವನೂ ನಾನೇ. ಆದರೆ ಅದೇ ಲೇಖನ ಟೆಕ್ನೋವನ್ನು, ಅಂದರೆ ಯಂತ್ರಗಳಲ್ಲಿ ಕಟ್ಟುವ ಕುಣಿತದ ಸಂಗೀತವನ್ನು, ಬರ್ಲಿನ್ ಶ್ರೀಮಂತರ ಕಂಪ್ಯೂಟರ್ ಗದ್ದಲ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದೆ. ಇದು ಸರಿಯಲ್ಲ.

ಟೆಕ್ನೋ ಹುಟ್ಟಿದ್ದು ಅಮೆರಿಕದ ಡೆಟ್ರಾಯ್ಟ್ ಸೀಮೆಯಲ್ಲಿ. ಅದು ಕಾರು ಕಾರ್ಖಾನೆಗಳ ಊರು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿ, ಜನ ಊರು ಬಿಡುತ್ತಿದ್ದ ಕಾಲದಲ್ಲಿ ಅಲ್ಲಿನ ಕಪ್ಪು ಹುಡುಗರು ಕಟ್ಟಿದ ಸಂಗೀತ ಅದು. ಹ್ವಾನ್ ಆಟ್ಕಿನ್ಸ್ 1985ರಲ್ಲಿ ಮೆಟ್ರೋಪ್ಲೆಕ್ಸ್ ಅನ್ನುವ ಸ್ವಂತ ಲೇಬಲ್, ಅಂದರೆ ರೆಕಾರ್ಡ್ ಹೊರತರುವ ಸಂಸ್ಥೆ, ಶುರು ಮಾಡಿದರು. ಅವರ ಹಿಂದೆಯೇ ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ತಮ್ಮ ತಮ್ಮ ಲೇಬಲ್ ಮಾಡಿಕೊಂಡರು. ದುಬಾರಿ ಸ್ಟುಡಿಯೋ ಇರಲಿಲ್ಲ. ಜಪಾನಿನ ರೋಲ್ಯಾಂಡ್ ಕಂಪನಿಯ, ತಾನೇ ತಾಳ ಹೊಡೆಯುವ ಡ್ರಮ್ ಮಷಿನ್‌ಗಳಿದ್ದವು. ಅವುಗಳಲ್ಲಿ 1983ರಲ್ಲಿ ಬಂದ ಟಿಆರ್-909 ಮಾರುಕಟ್ಟೆಯಲ್ಲಿ ಸೋತ ಮಾಲು. ಸೆಕೆಂಡ್‌ಹ್ಯಾಂಡಿನಲ್ಲಿ ಕಮ್ಮಿ ಬೆಲೆಗೆ ಸಿಗುತ್ತಿತ್ತು, ಹಾಗಾಗಿ ಇಂಥವರ ಕೈಗೆ ಬಂತು. ಅದರ ಕಿಕ್, ಅಂದರೆ ದೊಡ್ಡ ಡ್ರಮ್ಮಿನ ಏಟು, ಈಗ ನನ್ನ ಬಾಸ್ ಬಾಕ್ಸುಗಳಲ್ಲಿ ವಾರಕ್ಕೆ ಒಂದು ಮದುವೆಯಲ್ಲಾದರೂ ಹೊಡೆಯುತ್ತದೆ. ಕುಣಿಯುವವರಿಗೆ ಅದು ಗೊತ್ತಿರುವುದಿಲ್ಲ ಅಷ್ಟೆ.

ನಾನು ಮುಖ್ಯವಾಗಿ ಹೇಳಬೇಕಿರುವುದು ಇನ್ನೊಂದು ಲೇಬಲ್ ಬಗ್ಗೆ. ಹೆಸರು ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್. ಬೆಂಗಳೂರಿನಲ್ಲಿ ಸೌಂಡ್ ಕೆಲಸಕ್ಕೆ ಕೇಬಲ್ ಎಳೆಯುತ್ತಿದ್ದ ದಿನಗಳಲ್ಲಿ ಒಬ್ಬ ಡಿಜೆಯ ಪೆಟ್ಟಿಗೆಯಲ್ಲಿ ಅವರ ರೆಕಾರ್ಡ್ ನೋಡಿದ್ದೆ. ಕಲಾವಿದರ ಫೋಟೊ ಎಲ್ಲೂ ಇರಲಿಲ್ಲ. ಹಾಡು ಮುಗಿದ ಮೇಲೆ ರೆಕಾರ್ಡಿನ ನಡುವಿನ ಕಾಗದದ ಚೀಟಿ ಪಕ್ಕ ಉಳಿಯುವ ಖಾಲಿ ಜಾಗದಲ್ಲಿ ಏನೋ ಸಣ್ಣ ಬರಹ ಗೀರಿದ್ದರು. ಕೊಂಡವನು ಬೆಳಕಿಗೆ ಹಿಡಿದು ಓದಬೇಕು!

1990ರ ಹೊತ್ತಿಗೆ ಇದನ್ನು ಕಟ್ಟಿದವರು ಮೈಕ್ ಬ್ಯಾಂಕ್ಸ್ ಮತ್ತು ಜೆಫ್ ಮಿಲ್ಸ್. ಬೇಗನೆ ರಾಬರ್ಟ್ ಹುಡ್ ಸೇರಿಕೊಂಡರು. ದೊಡ್ಡ ಕಂಪನಿಗಳ ಹಂಗು ಬೇಡ ಅನ್ನುವುದು ಅವರ ಹಟ. ಹಟ ನಡೆದದ್ದು ಊರಿನಲ್ಲೇ ಎಲ್ಲ ವ್ಯವಸ್ಥೆ ಇದ್ದದ್ದರಿಂದ. ಮಾಸ್ಟರ್, ಅಂದರೆ ರೆಕಾರ್ಡುಗಳನ್ನು ಅಚ್ಚು ಹಾಕಲು ಬೇಕಾದ ಮೂಲ ತಟ್ಟೆ, ಕೊರೆಯಲು ರಾನ್ ಮರ್ಫಿ ಅನ್ನುವ ಕಸುಬುದಾರ ಅಲ್ಲೇ ಇದ್ದರು. 1965ರಿಂದ ಒಂದೇ ಕುಟುಂಬ ನಡೆಸುತ್ತಿರುವ ಆರ್ಚರ್ ಅನ್ನುವ ರೆಕಾರ್ಡ್ ಕಾರ್ಖಾನೆಯೂ ಅದೇ ಊರಿನದು. ಹಂಚಿಕೆಗೆ ಸಬ್‌ಮರ್ಜ್ ಅಂತ ತಮ್ಮದೇ ಸಂಸ್ಥೆ ಮಾಡಿಕೊಂಡರು. ಸಂಗೀತ ಮಾಡುವವರು ಬಹಳ ಜನ ಸಿಗುತ್ತಾರೆ ಸ್ವಾಮಿ, ಅದನ್ನು ತಾವೇ ಅಂಗಡಿವರೆಗೆ ಮುಟ್ಟಿಸುವವರು ಕಮ್ಮಿ.

ಇನ್ನು ಬರ್ಲಿನ್ ವಿಷಯ. ಗೋಡೆ ಬಿದ್ದ ಮೇಲೆ, 1991ರಲ್ಲಿ, ಒಂದು ಹಳೆಯ ಅಂಗಡಿ ಮಳಿಗೆಯ ನೆಲಮಾಳಿಗೆಯ ಖಜಾನೆಯಲ್ಲಿ ಟ್ರೆಸೋರ್ ಕ್ಲಬ್ ಶುರುವಾಯಿತು. ಆ ಕ್ಲಬ್ಬಿನ ಲೇಬಲ್ ಹೊರತಂದ ಮೊದಲ ರೆಕಾರ್ಡ್ ಯಾರದ್ದು? ಡೆಟ್ರಾಯ್ಟಿನ ಇದೇ ಬ್ಯಾಂಕ್ಸ್, ಮಿಲ್ಸ್, ಹುಡ್ ಮೂವರದ್ದು. ಬರ್ಲಿನ್ ಟೆಕ್ನೋವನ್ನು ಪ್ರೀತಿಸಿ ಸಾಕಿತು, ಅದರಲ್ಲಿ ಸಂಶಯವಿಲ್ಲ. ಹೆತ್ತದ್ದು ಮಾತ್ರ ಬೇರೆ ಊರು.

1992ರಲ್ಲಿ ಮಿಲ್ಸ್, ಹುಡ್ ಹೊರಟು ತಮ್ಮ ಸ್ವಂತ ದಾರಿ ಹಿಡಿದರು. ಬ್ಯಾಂಕ್ಸ್ ಹೊಸಬರನ್ನು ಕೂಡಿಸಿಕೊಂಡು ಲೇಬಲ್ ನಡೆಸಿದರು. 1999ರಲ್ಲಿ ಅಲ್ಲಿಂದಲೇ ಡಿಜೆ ರೊಲಾಂಡೋ ಅವರ 'ನೈಟ್ಸ್ ಆಫ್ ದಿ ಜಾಗ್ವಾರ್' ಬಂತು. ಕ್ಲಬ್ಬುಗಳಲ್ಲಿ ಅದು ಎಲ್ಲೆಲ್ಲೂ ಓಡಿತು. ಆಗ ಸೋನಿಯ ಜರ್ಮನಿ ಶಾಖೆ, ಲೇಬಲ್ಲಿನ ಒಪ್ಪಿಗೆ ಇಲ್ಲದೆಯೇ, ಅದನ್ನು ಸ್ವರಕ್ಕೆ ಸ್ವರ ನಕಲು ಮಾಡಿದ ಆವೃತ್ತಿ ತರಲು ಹೊರಟಿತು. ಡೆಟ್ರಾಯ್ಟಿನವರು ಸುಮ್ನೆ ಕೂರಲಿಲ್ಲ. ಇಂಟರ್‌ನೆಟ್ಟಿನಲ್ಲಿ ವಿಷಯ ಹರಡಿದರು. ಲೋಕದ ಎಲ್ಲ ಕಡೆಯಿಂದ ಕೇಳುಗರು ಸೋನಿಗೆ ಇಮೇಲ್ ಮೇಲೆ ಇಮೇಲ್ ಬರೆದರು. ಸೋನಿ ಹಿಂದೆ ಸರಿಯಿತು. ಆಮೇಲೆ ಅದೇ ನಕಲನ್ನು ಬಿಎಂಜಿ ಅನ್ನುವ ಇನ್ನೊಂದು ದೊಡ್ಡ ರೆಕಾರ್ಡ್ ಕಂಪನಿ ಎತ್ತಿಕೊಂಡಿತು ಅನ್ನುವುದು ಬೇಸರದ ಮಾತು. ಆದರೂ ಸಣ್ಣದೊಂದು ಲೇಬಲ್ ಅಷ್ಟು ದೊಡ್ಡ ಕಂಪನಿಯನ್ನು ನಿಲ್ಲಿಸಿದ್ದು ಸಣ್ಣ ಮಾತಲ್ಲ, ಅಲ್ವಾ?

ಇಷ್ಟೆಲ್ಲ ಶಿಡ್ಲಘಟ್ಟದಿಂದ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಮ್ಮಲ್ಲಿ ಇದೇ ಕಳವು ದಿನಾ ನಡೆಯುತ್ತದೆ ಮತ್ತು ಯಾರೂ ಒಂದು ಇಮೇಲ್ ಕೂಡ ಬರೆಯುವುದಿಲ್ಲ. ಹೋದ ವರ್ಷ ಇಲ್ಲೇ ಹತ್ತಿರದ ಒಂದು ಹಳ್ಳಿಯ ಕರಗದಲ್ಲಿ ತಮಟೆ ತಂಡ ಬಾರಿಸಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದರು. ಹುಲ್ಲಿನ ಬೆಂಕಿಗೆ ಚರ್ಮ ಕಾಯಿಸಿ, ನಡುರಾತ್ರಿಯಿಂದ ಬೆಳಗಿನವರೆಗೆ ನಿಲ್ಲದೆ ಬಾರಿಸಿದವರು ಅವರು. ಕೆಲವೇ ದಿನಕ್ಕೆ ಆ ಬಡಿತದ ಕೆಳಗೆ ಬಾಸ್ ಸೇರಿಸಿ, ಯಾವುದೋ ಡಿಜೆಯ ಹೆಸರು ಹಾಕಿ ಒಂದು ಚಾನೆಲ್ಲಿನಲ್ಲಿ ಬಿಟ್ಟರು. ತಂಡದ ಹೆಸರಿಲ್ಲ, ಊರಿನ ಹೆಸರಿಲ್ಲ. ತಂಡದ ಹಿರಿಯರೇ ನನ್ನ ಅಂಗಡಿಗೆ ಬಂದು ಅದನ್ನು ಕೇಳಿದರು. 'ಇದು ನಮ್ದೇ ಅಲ್ವೇನಪ್ಪಾ' ಅಂದರು.

ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್‌ನವರು ವೇದಿಕೆ ಮೇಲೂ ಮುಖವಾಡ ಹಾಕಿದವರು. ಮುಖ ಮುಚ್ಚಿಕೊಂಡಿದ್ದು ಅವರೇ ಬೇಕೆಂದು ಮಾಡಿದ್ದು. ಹಾಡುಗಳ ಹಕ್ಕು ಮಾತ್ರ ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರು. ನಮ್ಮ ತಮಟೆಯವರ ಹೆಸರನ್ನು ಅಳಿಸಿದ್ದು ಬೇರೆಯವರು. ಇದೇ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ಆ ವಾರ ಎಲ್ಲ ಪತ್ರಿಕೆಗಳಲ್ಲೂ ಫೋಟೊ. ಉಳಿದ ತಂಡಗಳು ಇಂದಿಗೂ ಸುದ್ದಿಯಲ್ಲಿ ಬರೀ 'ತಮಟೆ ವಾದ್ಯದೊಂದಿಗೆ ಮೆರವಣಿಗೆ'.

ಕಾನೂನು ಇಲ್ಲ ಅಂತ ಅಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಯಿತು. ಬಾರಿಸಿದವನಿಗೆ ತನ್ನ ಹೆಸರು ಹೇಳಿಸಿಕೊಳ್ಳುವ ಹಕ್ಕಿದೆ. ಅವನ ಬಾರಿಸುವಿಕೆಯನ್ನು ವ್ಯಾಪಾರಕ್ಕೆ ಬಳಸಿದರೆ ರಾಯಲ್ಟಿ ಕೇಳುವ ಹಕ್ಕೂ ಇದೆ. ಆದರೆ ಇದನ್ನು ತಂಡದವರಿಗೆ ಕೂತು ತಿಳಿಸುವವರು ಯಾರು? ಜಾನಪದ ಅಕಾಡೆಮಿ ತಾಲ್ಲೂಕಿಗೆ ಒಂದು ದಿನದ ಶಿಬಿರ ಮಾಡಿದರೂ ಸಾಕು. ಸ್ಪೀಕರ್, ಮೈಕು, ರೆಕಾರ್ಡಿಂಗ್ ನಾನು ಪುಕ್ಕಟೆ ಕೊಡುತ್ತೇನೆ. ರೆಕಾರ್ಡ್ ಮಾಡಿ, ತಂಡದ ಹೆಸರಿನಲ್ಲೇ ಬಿಡೋಣ.

ನಿಮ್ಮಿಂದಲೂ ಒಂದು ಕೆಲಸ ಆಗಬೇಕು. ಬರುವ ಯುಗಾದಿಯಿಂದ ಕರಗ, ಜಾತ್ರೆಗಳ ಸುದ್ದಿ ಬರೆಯುವಾಗ ಪೂಜಾರಿ, ಶಾಸಕ, ಪುರಸಭೆ ಸದಸ್ಯರ ಹೆಸರಿನ ಜೊತೆಗೆ ತಮಟೆ ತಂಡದ ಹೆಸರು, ಊರು ಹಾಕಿ. ಜಾಗ ಇಲ್ಲ ಅಂದರೆ ಶಾಸಕರ ಪಟ್ಟಿಯಲ್ಲಿ ಒಂದಿಬ್ಬರನ್ನು ಬಿಡಿ.

ಇಂತಿ,
ಮೈಕ್ ಸೆಟ್ ಅಂಗಡಿಯವನು
ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ