ಈ ವಾರದ ಚಿತ್ರ: ರಾತ್ರಿ ಬಿಡಾರ

ಎಲ್ಲರಿಗೂ ನಮಸ್ಕಾರ. ಈ ವಾರ ನಾವು ನೋಡುವುದು ಎಡ್ವಿನ್ ಫೋರ್ಬ್ಸ್ ಅವರ ‘ಗೋಯಿಂಗ್ ಇಂಟು ಕ್ಯಾಂಪ್ ಅಟ್ ನೈಟ್’ ಎಂಬ ಎಚಿಂಗ್, ಅಂದರೆ ಲೋಹದ ತಗಡಿನಲ್ಲಿ ಗೆರೆ ಕೊರೆದು ಕಾಗದಕ್ಕೆ ಅಚ್ಚು ಹಾಕಿದ ಚಿತ್ರ. 1876ರದ್ದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಫೋರ್ಬ್ಸ್ ಒಂದು ವಾರಪತ್ರಿಕೆಯ ಚಿತ್ರಕಾರರಾಗಿ ಉತ್ತರದ ಸೇನೆಯ ಜೊತೆ ಓಡಾಡಿದವರು. ಆಗಿನ ಸ್ಕೆಚ್‌ಗಳೇ ಈ ಎಚಿಂಗ್‌ಗಳಿಗೆ ಆಧಾರ.

ಆಗ ಕ್ಯಾಮೆರಾ ಇರಲಿಲ್ವಾ ಅಂತ ಕೇಳಬೇಡಿ, ಇತ್ತು. ಆದರೆ ಬೆಂಕಿಯ ಬೆಳಕಲ್ಲಿ ಓಡಾಡುವ ಸೈನಿಕರನ್ನು ಹಿಡಿಯುವ ಶಕ್ತಿ ಅದಕ್ಕಿರಲಿಲ್ಲ. ರಾತ್ರಿ ಏನಿದ್ದರೂ ಚಿತ್ರಕಾರರ ಪಾಲು.

ನೋಡುವಾಗ ಕತ್ತಲೆಯ ಕಡೆ ಜಾಸ್ತಿ ಗಮನ ಕೊಡಿ. ಎಚಿಂಗ್‌ನಲ್ಲಿ ಮೇಣ ಬಳಿದ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರುತ್ತಾರೆ. ಆಸಿಡ್‌ನಲ್ಲಿ ಅದ್ದಿದರೆ ಗೀರಿದ ಜಾಗ ಮಾತ್ರ ಕೊರೆಯುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಗೆರೆ ಆಳವಾಗಿ, ಹೆಚ್ಚು ಶಾಯಿ ಹಿಡಿದು, ಅಚ್ಚಿನಲ್ಲಿ ಕಪ್ಪಾಗಿ ಬರುತ್ತದೆ. ಕತ್ತಲೆ ಬೇಕಾದರೆ ಗೆರೆಯ ಮೇಲೆ ಗೆರೆ. ಬೆಳಕು ಬೇಕಾದಲ್ಲಿ ಗೀರದೆ ಕೈ ತಡೆದು, ಕಾಗದದ ಬಿಳಿಯನ್ನೇ ಉಳಿಸಬೇಕು. ನನಗೆ ಕಷ್ಟ ಅನಿಸುವುದು ಈ ಎರಡನೆಯದೇ.

ಇನ್ನೊಂದು ವಿಷಯ. ಆ ಸೈನಿಕರು ತಲಾ ಅರ್ಧ ಡೇರೆ ಹೊತ್ತು ನಡೆಯುತ್ತಿದ್ದರು. ರಾತ್ರಿ ಇಬ್ಬರು ಸೇರಿ ಎರಡು ಅರ್ಧಗಳನ್ನು ಅಂಗಿಯಂತೆ ಗುಂಡಿ ಹಾಕಿ ಜೋಡಿಸಿದರೆ ಒಂದು ಡೇರೆ!

ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸುತ್ತೇನೆ, ಇಲ್ಲದಿದ್ದರೆ ಸಣ್ಣ ಗೆರೆಗಳೆಲ್ಲ ಕಲಸಿಹೋಗುತ್ತವೆ. ದೊಡ್ಡದು ಮಾಡಿ ನೋಡಿ, ಇಷ್ಟವಾದ ಮೂಲೆಯೊಂದನ್ನು ಕತ್ತರಿಸಿ ಭಾನುವಾರದೊಳಗೆ ಇಲ್ಲಿ ಹಾಕಿ. ಸುಮ್ನೆ ಹೆಬ್ಬೆರಳು ಒತ್ತಿ ಹೋಗಬೇಡಿ, ಎರಡು ಸಾಲು ಬರೆಯಿರಿ. ಗುಡ್ ಮಾರ್ನಿಂಗ್ ಹೂವುಗಳಿಗೆ ಅಲ್ಲಿಯವರೆಗೆ ರಜೆ.